ಅಪ್ಪ, ದೊಡ್ಡಪ್ಪ ಮತ್ತು ಫಿಫ್ಟಿ ಲೆನ್ಸ್

ಮದುವೆಯಲ್ಲಿ ಯಾರದೋ ಮನೆಯವರ ಫೋಟೋ ತೆಗೆಯುವುದು ಸುಲಭ. ಸ್ವಂತ ಮನೆಯವರದ್ದು ತೆಗೆಯುವಷ್ಟು ದರಿದ್ರ ಕೆಲಸ ಇನ್ನೊಂದಿಲ್ಲ. ಪುತ್ತೂರು, ಸುಳ್ಯದ ಹಾಲ್‌ಗಳಲ್ಲಿ ನಾನು ಸ್ವಲ್ಪ ಎಡಕ್ಕೆ ಅಂದರೆ ರಿಟೈರಾದ ಹೆಡ್‌ಮಾಸ್ಟರೂ ಎಡಕ್ಕೆ ಸರಿಯುತ್ತಾರೆ. ಮನೆಯಲ್ಲಿ ಅದನ್ನೇ ಹೇಳಿದರೆ ಚಿಕ್ಕಮ್ಮ ಮೊದಲು ಯಾಕೆ ಅಂತ ಕೇಳುತ್ತಾರೆ, ಆಮೇಲೆ ಬಲಕ್ಕೆ ಹೋಗುತ್ತಾರೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನ ಮಾತಿಗೆ ಮನೆಯಲ್ಲಿ ಇರುವ ಬೆಲೆ ಅಷ್ಟೇ.

ಕಳೆದ ವರ್ಷ ಕಡಬದ ನಮ್ಮ ಕುಟುಂಬದ ಮನೆಯಲ್ಲಿ ಹೊಸ ಅಕ್ಕಿ ಊಟ. ಅವತ್ತು ಎಲ್ಲಿದ್ದವರೂ ಬರಬೇಕು, ಮುನಿಸಿಕೊಂಡವರೂ ಬರಬೇಕು. ಉಣ್ಣುವ ಮೊದಲು ಕಿರಿಯರು ಹಿರಿಯರಲ್ಲಿ ಹೊಸ ಊಟ ಮಾಡುತ್ತೇನೆ ಅಂತ ಅಪ್ಪಣೆ ಕೇಳುವುದು ಕ್ರಮ. ಕೆರೆಯ ಪಂಪಿನ ವಿಷಯದಲ್ಲಿ ಮಾತು ಬಿಟ್ಟ ಮೇಲೆ ನನ್ನ ಅಪ್ಪ ದೊಡ್ಡಪ್ಪನ ಹತ್ತಿರ ವರ್ಷಕ್ಕೆ ಆಡುವುದು ಅದೊಂದೇ ಮಾತು. ಅದನ್ನೂ ಬಾಳೆಲೆಗೆ ಹೇಳಿದ ಹಾಗೆ ಹೇಳುತ್ತಾರೆ. ದೊಡ್ಡಪ್ಪ ಸಾರಿನ ಪಾತ್ರೆ ನೋಡಿ ಹೂಂ ಅನ್ನುತ್ತಾರೆ. ಊಟವಾದ ಮೇಲೆ ಅಜ್ಜಿ ನನ್ನನ್ನು ಕರೆದು, ಇಬ್ಬರು ಮಕ್ಕಳೂ ಒಟ್ಟಿಗೆ ಇರುವ ಫೋಟೋ ಒಂದೂ ಇಲ್ಲ, ಕಣ್ಣು ಮುಚ್ಚುವ ಮೊದಲು ಒಂದು ಬೇಕು ಅಂದರು. ಅಜ್ಜಿ ಪುಳ್ಳಿಯ ಹತ್ತಿರ, ಅಂದರೆ ಮೊಮ್ಮಗನಾದ ನನ್ನ ಹತ್ತಿರ, ಏನಾದರೂ ಕೇಳಿದ್ದು ಅದೇ ಮೊದಲು. ಇಲ್ಲ ಅನ್ನುವುದು ಹೇಗೆ?

ಅಜ್ಜಿಯನ್ನು ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಮಕ್ಕಳಿಬ್ಬರು ಹಿಂದೆ ನಿಂತರು, ನಡುವೆ ಒಂದು ಪಿಕಪ್ ರಿವರ್ಸ್ ತೆಗೆಯುವಷ್ಟು ಜಾಗ ಬಿಟ್ಟು. ವೈಡ್ ಲೆನ್ಸ್ ಹಾಕಿದರೆ ಇಬ್ಬರೂ ಫೋಟೋದಲ್ಲಿ ಹಿಡಿಯುತ್ತಾರೆ, ಆದರೆ ಆ ಲೆನ್ಸ್ ಅಂಚಿನಲ್ಲಿ ನಿಂತವರನ್ನು ಅಡ್ಡಕ್ಕೆ ಎಳೆಯುತ್ತದೆ. ದೊಡ್ಡಪ್ಪನ ಹೊಟ್ಟೆ ಮೊದಲೇ ಸಣ್ಣದಲ್ಲ. ತಮ್ಮನ ಮಗ ಬೇಕಂತಲೇ ಮಾಡಿದ ಅಂತ ಇನ್ನೊಂದು ಜಗಳ ಯಾಕೆ ಅಂತ ಫಿಫ್ಟಿ ಲೆನ್ಸ್ ಹಾಕಿದೆ. ಅದು ಅಗಲ ಹಿಡಿಯುವುದಿಲ್ಲ. ಹಿಂದೆ ಸರಿದು ಸರಿದು ಅಂಗಳದ ತೆಂಗಿನಕಾಯಿ ರಾಶಿಗೆ ಕಾಲು ತಾಗಿತು. ಇನ್ನು ನನ್ನಿಂದಾಗುದಿಲ್ಲ, ನೀವೇ ಹತ್ತಿರ ಬನ್ನಿ ಅಂದೆ. ಹಲ್ಲು ಕೀಳಿಸಲು ಹೊರಟವರ ಹಾಗೆ ಇಬ್ಬರೂ ಒಂದೊಂದೇ ಹೆಜ್ಜೆ ಸರಿದು ಭುಜಕ್ಕೆ ಭುಜ ತಾಗಿಸಿದರು.

ಇನ್ನು ಫೋಕಸ್. ಕ್ಯಾಮೆರಾ ತಾನೇ ಮುಖ ಹುಡುಕುತ್ತದೆ ಅಂತ ಅಂಗಡಿಯವ ಹೇಳಿದ್ದ. ಹುಡುಕಿತು, ಗೋಡೆಯಲ್ಲಿ ಮಾಲೆ ಹಾಕಿಸಿಕೊಂಡ ಅಜ್ಜನ ಮುಖವನ್ನು. ಬದುಕಿದವರೆಲ್ಲ ಮಸುಕು, ತೀರಿಹೋದವರು ಒಬ್ಬರೇ ಸ್ಪಷ್ಟ. ಸಿಟ್ಟು ಬಂದು ಫೋಕಸನ್ನು ಒಂದೇ ಪಾಯಿಂಟ್ ಮಾಡಿ ಅಜ್ಜಿಯ ಕಣ್ಣಿಗೆ ಇಟ್ಟು ಒತ್ತಿದೆ. ಆದರೆ ಹಿಂದಿನ ದಿನದ ಮದುವೆಯಲ್ಲಿ ಮದುಮಗಳಿಗೆ ಅಂತ ಅಪರ್ಚರ್ ಪೂರ್ತಿ ತೆರೆದಿಟ್ಟದ್ದು ಹಾಗೇ ಇತ್ತು. ಹಾಗೆ ತೆಗೆದರೆ ಫೋಕಸಿಗೆ ಸಿಕ್ಕವರನ್ನು ಬಿಟ್ಟು ಹಿಂದಿನದೆಲ್ಲ ಕರಗುತ್ತದೆ. ಅಜ್ಜಿಯ ಒಂದೊಂದು ನೆರಿಗೆಯೂ ಎಣಿಸುವ ಹಾಗಿತ್ತು. ಹಿಂದೆ ಎರಡು ಹೊಗೆ.

ಮಕ್ಕಳು ಆಗಲೇ ಬೇರೆ ಬೇರೆ ಬಾಗಿಲ ಕಡೆ ಹೊರಟಿದ್ದರು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನೀವಿಬ್ಬರೂ ಫೋಟೋದಲ್ಲಿ ಸರಿ ಬಿದ್ದಿಲ್ಲ, ಇನ್ನೊಮ್ಮೆ ನಿಲ್ಲಿ ಅಂದೆ.

ದೊಡ್ಡಪ್ಪ ಬಂದು ಕ್ಯಾಮೆರಾದೊಳಗೆ ಇಣುಕಿದರು. "ಎಂತ ಮಾರಾಯ ಇದು? ಮದುವೆಯವರಿಗೂ ಹೀಗೇ ತೆಗ್ದು ಕೊಡುದಾ?"

ಅಪ್ಪನೂ ಇಣುಕಿದರು. "ಇವ ಸಣ್ಣದಿರುವಾಗಲೇ ಹಾಗೆ ಅಣ್ಣ. ಬೆಲ್ಲ ತಾ ಅಂದರೆ ಉಪ್ಪು ತರುದು."

"ನಿನ್ನ ಹಾಗೇ ಅಲ್ವಾ. ಉಪ್ಪಿನಂಗಡಿಗೆ ಹೋಗಿ ಚೀಲ ಬಸ್ಸಲ್ಲೇ ಬಿಟ್ಟು ಬಂದದ್ದು ನೆನಪುಂಟಾ?"

"ಚೀಲ ಹಿಡ್ಕೊಂಡದ್ದು ನೀನು ಅಣ್ಣ."

ಆಮೇಲೆ ಇಬ್ಬರೂ ನನ್ನ ಮರ್ಯಾದೆ ತೆಗೆಯುತ್ತಲೇ ಹೋಗಿ ಕುರ್ಚಿಯ ಹಿಂದೆ ನಿಂತರು. ನನ್ನ ಬೈಕಿನಿಂದ ಹಿಡಿದು ಕೂದಲಿನವರೆಗೆ ಯಾವುದನ್ನೂ ಬಿಡಲಿಲ್ಲ. ಬಿಸಿಯೇರಿದ ಕಿವಿಯಲ್ಲೇ ಅಪರ್ಚರ್ ಸಣ್ಣ ಮಾಡಿ ಎಂಟಕ್ಕೆ ತಂದು, ಪಾಯಿಂಟನ್ನು ಅಜ್ಜಿಗಿಂತ ತುಸು ಹಿಂದಕ್ಕೆ, ಅಪ್ಪನ ಮುಖಕ್ಕೆ ಇಟ್ಟು ಒತ್ತಿದೆ. ಮೂವರೂ ಸ್ಪಷ್ಟ. ಮಕ್ಕಳಿಬ್ಬರೂ ನನ್ನ ಕಡೆ ಕೈ ತೋರಿಸಿ ನಗುತ್ತಿದ್ದಾರೆ, ಅಜ್ಜಿ ಬಾಯಿಗೆ ಸೆರಗು ಹಿಡಿದಿದ್ದಾರೆ. ಈಗ ಅದು ಜಗಲಿಯಲ್ಲಿ ಫ್ರೇಮಿನೊಳಗೆ ಉಂಟು.

ಈ ವರ್ಷದ ಹೊಸ ಊಟಕ್ಕೆ ಹೋದೆ. ಪಂಪಿನ ವಿಷಯ ಇನ್ನೂ ಮುಗಿದಿಲ್ಲ, ಇಬ್ಬರೂ ಮತ್ತೆ ಜಗಲಿಯ ಎರಡು ತುದಿಯಲ್ಲಿ. ನಾನು ಲೆನ್ಸ್ ಒರೆಸಿ, ಅಪರ್ಚರ್ ಸರಿ ಮಾಡಿ, ಎಲ್ಲ ತಯಾರಾಗಿ ಬಂದಿದ್ದೆ. ಅಜ್ಜಿ ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು:

"ಪುಳ್ಳಿ, ಈ ಸಲವೂ ಮೊದಲನೆಯದ್ದು ಹಾಳು ಮಾಡು, ಆಯ್ತಾ?"