ಎರಡು ಸಲ ಕೊಂಡ ಬೆತ್ತದ ಕುರ್ಚಿ

ಒಂದೇ ಬೆತ್ತದ ಕುರ್ಚಿಗೆ ನಾನು ಎರಡು ಸಲ ದುಡ್ಡು ಕೊಟ್ಟಿದ್ದೇನೆ. ಅದೂ ಎರಡನೇ ಸಲ ಮೊದಲಿಗಿಂತ ಜಾಸ್ತಿ. ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡಿ, ಬನ್ನಿಮಂಟಪದಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟ ನನಗೆ ಈ ಗತಿ ಏಕೆ ಬಂತು ಅಂತೀರಾ? ನನ್ನ ಸೋದರಮಾವನಿಗೆ ಶಾಶ್ವತ ಸುಖ ಸಿಕ್ಕಿಬಿಟ್ಟಿತು, ಅದಕ್ಕೆ!

ಮಾವ ಮದುವೆಯಾಗದವರು, ರಾಮಕೃಷ್ಣನಗರದಲ್ಲಿ ಒಬ್ಬರೇ ಇದ್ದಾರೆ. ದಿನಾ ಸಂಜೆ ಎದುರುಮನೆಯ ಗೆಳೆಯರೊಬ್ಬರು ಬಂದು, ಆ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು, ಮಾವ ಹೇಳಿದ್ದಕ್ಕೆಲ್ಲ ಅಡ್ಡ ಮಾತಾಡಿ ಹೋಗುತ್ತಿದ್ದರು. ಅವರು ರಾಜೀವನಗರಕ್ಕೆ ಮನೆ ಬದಲಾಯಿಸಿದ ಮೇಲೆ ಮಾವ ಯೋಗಶಾಸ್ತ್ರದ ತರಗತಿ ಸೇರಿದರು. ಜನ ಯೋಗ ಕಲಿತರೆ ಕಾಲು ಮಡಿಸುತ್ತಾರೆ. ಇವರು ಮನೆಯನ್ನೇ ಮಡಿಸತೊಡಗಿದರು. ಬೇಡದ್ದನ್ನು ಇಟ್ಟುಕೊಳ್ಳಬಾರದಂತೆ, ಅದು ಅಪರಿಗ್ರಹವಂತೆ.

ಮೊದಲು ಟಿವಿ ಪಕ್ಕದ ಮನೆಗೆ ಹೋಯಿತು. "ವಸ್ತುವಿನಿಂದ ಬರೋ ಸುಖ ವಸ್ತು ಜೊತೇಲೇ ಹೋಗುತ್ತೆ ಕಣೋ, ನಂಗೆ ಸಿಕ್ಕಿರೋದು ಶಾಶ್ವತ ಸುಖ" ಎಂದರು. ಅಷ್ಟರಲ್ಲಿ ವಾರ್ತೆಯ ಹೊತ್ತಾಯಿತು. ಎದ್ದು ಹೋಗಿ ಗೋಡೆ ತಟ್ಟಿದರು: "ಸ್ವಲ್ಪ ಸೌಂಡ್ ಜಾಸ್ತಿ ಮಾಡ್ರಪ್ಪ."

ಆಮೇಲೆ ಕುರ್ಚಿ ಗುಜರಿ ಸೇರಿತು. ಮಾವ ನೆಲದ ಮೇಲೆ ಕೂತು ಮಂಡಿ ನೋಯಿಸಿಕೊಳ್ಳುವುದನ್ನು ನೋಡಲಾಗದೆ ಬಿಡಿಸಿ ತಂದೆ. ಮುಂದಿನ ವಾರ ನೋಡಿದರೆ ಮತ್ತೆ ಗುಜರಿಯಲ್ಲಿ! ಅಂಗಡಿಯವನು ನಕ್ಕ. "ನೀವು ಬಂದೇ ಬತ್ತೀರಾ ಅಂತ ಒರೆಸಿ ಮಡಗಿದ್ದೆ ಸಾರ್. ಒರೆಸಿದ ಕೂಲೀನೂ ಸೇರಿಸ್ಕೊಡಿ." ನನಗೆ ಅದು ಬೇಕೇ ಬೇಕೆಂದು ಅವನಿಗೆ ಗೊತ್ತಾದ ಮೇಲೆ ಚೌಕಾಸಿ ಎಲ್ಲಿ ನಡೆಯುತ್ತದೆ?

ಕುರ್ಚಿ ಹೊತ್ತು ಹೋದವನೇ ರೇಗಿದೆ. "ಮಾವ, ಇದೇನು ತಿನ್ನೋಕೆ ಕೇಳುತ್ತಾ? ಮೂಲೇಲಿ ಬಿದ್ದಿರ್ಲಿ ಬುಡಿ."

"ಕೇಳಲ್ಲ ಕಣೋ." ಮಾವ ಚಾಪೆಯ ಮೇಲೆ ಕೂತು ಬಾಗಿಲು ನೋಡುತ್ತಿದ್ದರು. "ಸಂಜೆ ಆಯ್ತು ಅಂದ್ರೆ ಖಾಲಿ ಕಾಣುತ್ತೆ. ಅದಿಲ್ದಿದ್ರೆ, ಯಾರೂ ಬರ್ಲಿಲ್ಲ ಅನ್ನೋದು ಅಷ್ಟು ಕಾಣಲ್ಲ."

ಕುರ್ಚಿಯನ್ನು ಅದರ ಜಾಗದಲ್ಲಿಟ್ಟು ನಾನೇ ಕೂತುಬಿಟ್ಟೆ. ಮಾವ ಎದ್ದು ಒಲೆಗೆ ನೀರಿಟ್ಟರು.

"ಸಕ್ಕರೆ ಬಿಟ್ಟುಬಿಟ್ಟಿದ್ದೀನಿ. ಬೆಲ್ಲದ ಕಾಫಿ ಆಗುತ್ತಾ?"

"ಅದನ್ಯಾರು ಕುಡೀತಾರೆ, ಕಷಾಯ ಇದ್ದಂಗಿರುತ್ತೆ."

ಮಾವ ತಿರುಗಿ ನೋಡಿದರು. ಮುಖ ನಿಧಾನವಾಗಿ ಅರಳಿತು. "ಪಾತ್ರೆ ಮಾರೋನು ನೀನು, ಒಳಗಿರೋದರ ರುಚಿ ನಿಂಗೇನ್ ಗೊತ್ತು?"

ನಿಮ್ಮವರಲ್ಲೂ ಯಾರಾದರೂ ಶಾಶ್ವತ ಸುಖ ಸಿಕ್ಕಿತೆಂದು ಮನೆ ಖಾಲಿ ಮಾಡುತ್ತಿದ್ದರೆ, ಸಾಮಾನು ಬಿಡಿಸಿ ತರಲು ಹೋಗಬೇಡಿ, ನಷ್ಟದ ವ್ಯಾಪಾರ. ಸಂಜೆ ಅಂಗಡಿ ಸ್ವಲ್ಪ ಬೇಗ ಮುಚ್ಚಿ, ಹೋಗಿ ಕೂತುಕೊಳ್ಳಿ. ಅವರು ಹೇಳಿದ್ದಕ್ಕೆಲ್ಲ ಮಾತ್ರ ಹೂಂ ಅನ್ನಬೇಡಿ.