ಹಸುವಿಲ್ಲದ ಮನೆಯ ತೌಡು

ಚೀಲಕ್ಕೆ ತೂತು ಬಿದ್ದದ್ದು ಯಾವಾಗ ಎಂದು ಷಡಕ್ಷರಿಗೆ ಗೊತ್ತಾಗಲೇ ಇಲ್ಲ. ಅಕ್ಕಿ ಮಿಲ್ಲಿನ ಬಾಗಿಲಲ್ಲಿ ಹೊನ್ನಕ್ಕನ ಹತ್ತಿರ ಎರಡು ಸೇರು ತೌಡು ಅಳೆಸಿಕೊಂಡು, ಚೀಲವನ್ನು ಕೋಟಿನ ಒಳಗೆ ಹೊಟ್ಟೆಗೆ ಅವುಚಿಕೊಂಡು, ಹೊಳೆನರಸೀಪುರದ ಬೀದಿಯಲ್ಲಿ ಯಾರ ಮುಖವನ್ನೂ ನೋಡದೆ ಬಂದಿದ್ದ. ಮನೆಯೊಳಗೆ ಕಾಲಿಟ್ಟು ಬಾಗಿಲು ಹಾಕಲು ತಿರುಗಿದರೆ ಹೊಸ್ತಿಲಾಚೆ ಒಂದು ಎಮ್ಮೆ ನಿಂತಿತ್ತು. ಅದರ ಮೂತಿಯ ತುಂಬ ತೌಡು. ಮಿಲ್ಲಿನಿಂದ ಅವನ ಮನೆಯ ತನಕ ರಂಗೋಲಿ ಎಳೆದ ಹಾಗೆ ಉದುರಿದ್ದನ್ನೆಲ್ಲ ನೆಕ್ಕಿಕೊಂಡು ಬಂದು, ಮಿಕ್ಕದ್ದು ಎಲ್ಲಿ ಎಂದು ಕೇಳುವ ಹಾಗೆ ಅವನನ್ನೇ ನೋಡುತ್ತಿತ್ತು.

"ಹೋಗು, ಹೋಗಮ್ಮ," ಎಂದ ಷಡಕ್ಷರಿ ಮೆಲ್ಲಗೆ. ಎಮ್ಮೆ ತಲೆಯನ್ನು ಒಳಕ್ಕೆ ತೂರಿಸಿತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಷಡಕ್ಷರಿ ಊರಿನ ರೇಷನ್ ಡಿಪೋದ ಗುಮಾಸ್ತ. ಯುದ್ಧದ ಕಾಲ ಅದು. ಅಕ್ಕಿ, ರಾಗಿ ಎರಡೂ ಕಾರ್ಡಿನ ಮೇಲೆ. ಅವನ ಹೆಂಡತಿ ಗಂಗಾಂಬಿಕೆ ತನ್ನ ಪಾಲಿನ ರಾಗಿಯನ್ನೆಲ್ಲ ಪಕ್ಕದ ಮನೆಗೆ ಕೊಟ್ಟು ಬದಲಿಗೆ ಅಕ್ಕಿ ಇಸಿದುಕೊಂಡು, ಎರಡು ಹೊತ್ತೂ ಮಲ್ಲಿಗೆಯಂಥ ಅನ್ನ ಮಾಡುತ್ತಿದ್ದಳು. ಮುದ್ದೆ ತಿನ್ನುವುದು ಬಡವರು ಎಂದು ಅವಳ ಭಾವನೆ. ಆ ಮಲ್ಲಿಗೆಯೆಲ್ಲ ಷಡಕ್ಷರಿಯ ಹೊಟ್ಟೆಯೊಳಗೆ ಹೋಗಿ ಕಲ್ಲಾಗಿ ಕೂತಿತ್ತು. ಬೆಳಿಗ್ಗೆ ಲಿಂಗಪೂಜೆಗೆ ಕೂತರೂ ಮನಸ್ಸೆಲ್ಲ ಹೊಟ್ಟೆಯ ಮೇಲೇ. ನಾಲ್ಕು ದಿನಕ್ಕೊಮ್ಮೆ, ಐದು ದಿನಕ್ಕೊಮ್ಮೆ. ಹೊಟ್ಟೆ ಕಟ್ಟಿದವನ ದುಃಖವನ್ನು ಹೊಟ್ಟೆ ನೆಟ್ಟಗಿರುವವರ ಹತ್ತಿರ ಹೇಳಿಕೊಂಡರೆ ನಗುತ್ತಾರೆ. ಅದಕ್ಕೇ ಅವನು ಯಾರಿಗೂ ಹೇಳದೆ ಒಳಗೊಳಗೇ ಕುಗ್ಗಿಹೋಗಿದ್ದ.

ಕೊನೆಗೆ ಹಾಸನಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದ. ಅವರು ಹೊಟ್ಟೆ ಒತ್ತಿ ನೋಡಿ, "ಮಿಲ್ಲಿನ ಅಕ್ಕಿ ತಿಂದೂ ತಿಂದೂ ನಿಮ್ಮ ಕರುಳು ಸೋಮಾರಿ ಆಗಿದೆ ಕಣ್ರೀ. ಔಷಧಿ ಗಿಷಧಿ ಏನೂ ಬೇಡ. ಹೊಟ್ಟೆಗೆ ನಾರು ಹೋಗಬೇಕು, ನಾರು. ದಿನಾ ಒಂದು ಹಿಡಿ ತೌಡು ಮಜ್ಜಿಗೇಲಿ ಕಲಸಿ ಕುಡೀರಿ," ಎಂದರು.

ಕುಡಿದ. ಎರಡನೆಯ ವಾರದ ಹೊತ್ತಿಗೆ ಗುಣ ಕಾಣಿಸಿತು. ಎಷ್ಟೋ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಷಡಕ್ಷರಿ ಹಿತ್ತಲಿನಿಂದ ನಗುನಗುತ್ತ ಬಂದ. ಆದರೆ ಗಂಗಾಂಬಿಕೆ ಆಣೆ ಹಾಕಿಸಿಕೊಂಡಿದ್ದಳು. "ದನ ತಿನ್ನೋದನ್ನ ತಿಂತೀರ, ತಿನ್ನಿ. ಡಿಪೋ ಗುಮಾಸ್ತನ ಹೆಂಡ್ತಿ ಗಂಡನಿಗೆ ತೌಡು ಹಾಕ್ತಾಳೆ ಅಂತ ಒಬ್ಬರ ಬಾಯಲ್ಲಿ ಬಂತೋ, ನಾನು ಹೊಳೆಗೆ ಹಾರ್ಕೋತೀನಿ. ನನ್ನಾಣೆ!"

ಆಣೆಗೆ ಸರಿಯಾಗಿ ಮೂರು ವಾರ ತುಂಬಿದ ದಿನವೇ ಈ ಎಮ್ಮೆ ಬಂದಿತ್ತು. ಅದರ ಹಿಂದೆಯೇ ಅದರ ಒಡತಿ, ಪಕ್ಕದ ಮನೆಯ ದೊಡ್ಡತಾಯಮ್ಮ.

"ಏನ್ ಸಡಕ್ಸರಪ್ಪ, ಹಸ ತಂದ್ರಂತೆ! ಒಂದ್ ಮಾತು ಹೇಳ್ನಿಲ್ವಲ್ಲ?"

"ಯಾವ ಹಸು? ಹಸು ಇಲ್ಲ, ಗಿಸು ಇಲ್ಲ."

"ಇನ್ಯಾಕೆ ತವುಡು? ವಾರ ವಾರ ತಗಂಡೋಯ್ತಾರೆ ಅಂತ ಹೊನ್ನಕ್ಕ ಅಂತಿದ್ಲು. ಕರ ಹಾಕದೆ ಅಂತ ಕಾಣ್ತದೆ. ಗಿಣ್ಣ ಕೊಡಬೇಕಾಯ್ತದೆ ಅಂತ ಬಚ್ಚಿಟ್ಕಂಡಿದ್ದೀರ, ಅಲ್ವಾ?"

ಕರು ಹಾಕಿದ ಮನೆಯವರು ಗಿಣ್ಣು ಕಾಸಿ ಅಕ್ಕಪಕ್ಕದವರಿಗೆ ಹಂಚದೆ ಇರುವುದು ಆ ಬೀದಿಯಲ್ಲಿ ಕಳ್ಳತನಕ್ಕಿಂತ ದೊಡ್ಡ ಅಪರಾಧ. ದೊಡ್ಡತಾಯಮ್ಮನ ಎಮ್ಮೆ ಮೂರು ಸಲ ಈದಾಗಲೂ ಷಡಕ್ಷರಿ ಚೊಂಬುಗಟ್ಟಲೆ ಗಿಣ್ಣು ತಿಂದಿದ್ದ. ಅವಳಿಗೆ ಹೊಟ್ಟೆ ಉರಿದದ್ದು ಸಹಜವೇ.

"ತೌಡು ದಿಂಬಿಗೆ ತುಂಬೋಕೆ," ಎಂದ ಷಡಕ್ಷರಿ. ಅದೇ ಗಳಿಗೆಯಲ್ಲಿ ಗಂಗಾಂಬಿಕೆ ಅಡುಗೆಮನೆಯಿಂದ ಓಡಿಬಂದು, "ತೌಡು ಪಾತ್ರೆ ಉಜ್ಜೋಕೆ," ಎಂದಳು.

ದೊಡ್ಡತಾಯಮ್ಮ ಒಬ್ಬರ ಮುಖ ನೋಡಿದಳು, ಇನ್ನೊಬ್ಬರ ಮುಖ ನೋಡಿದಳು. ಎಮ್ಮೆಯ ಕೊಂಬು ಹಿಡಿದು ಎಳೆದುಕೊಂಡು ಹೊರಟುಹೋದಳು. ಹೋದವಳು ತನ್ನ ಮನೆಗೆ ತಿರುಗದೆ ಎದುರು ಮನೆಯ ಜಗಲಿಯ ಮುಂದೆ ನಿಂತಳು.

ಅರ್ಧ ಗಂಟೆಗೆ ಎದುರು ಮನೆಯ ಕಾಮಾಕ್ಷಮ್ಮ ಮಡಿ ಉಟ್ಟುಕೊಂಡು, ಕೈಯಲ್ಲಿ ಪುಟ್ಟ ತಂಬಿಗೆ ಹಿಡಿದು ಬಂದರು. "ಇವತ್ತು ನಮ್ಮನೇಲಿ ಪುಣ್ಯಾಹ. ಒಂದು ತೊಟ್ಟು ಗೋಮೂತ್ರ ಬೇಕಿತ್ತು. ಬೇರೆಯವರ ಮನೆಗೆ ಯಾಕೆ ಹೋಗ್ಲಿ, ನಿಮ್ಮನೇಲೇ ಹಸು ಇದೆಯಲ್ಲ ಅಂತ ಬಂದೆ."

"ಇಲ್ಲ ತಾಯಿ, ಹಸು ಇಲ್ಲ," ಎಂದ ಷಡಕ್ಷರಿ ಅಳುವ ದನಿಯಲ್ಲಿ.

"ಕೊಡೋಕೆ ಮನಸ್ಸಿಲ್ಲ ಅಂದ್ರೆ ಮನಸ್ಸಿಲ್ಲ ಅನ್ನಿ. ಇಲ್ಲದ ಸುಳ್ಳು ಯಾಕೆ? ಮೂತ್ರಕ್ಕೂ ಜಿಪುಣತನ ಮಾಡೋರನ್ನ ನಾನು ಕಂಡಿರಲಿಲ್ಲಮ್ಮ!"

ಹಾಗೆಂದವರೇ ಹಿತ್ತಲಿಗೆ ನಡೆದರು. ಬಚ್ಚಲುಮನೆ ನೋಡಿದರು, ಸೌದೆ ರಾಶಿಯ ಹಿಂದೆ ಬಗ್ಗಿ ನೋಡಿದರು, ಕಣಜದ ಕೋಣೆಯ ಬಾಗಿಲನ್ನೂ ತೆಗೆಸಿದರು. ಹಸು ಸಿಗಲಿಲ್ಲ, ತೌಡಿನ ಚೀಲ ಸಿಕ್ಕಿತು. ಕಾಮಾಕ್ಷಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡು ನಿಂತರು.

"ನಿಜವಾಗ್ಲೂ ಹಸು ಇಲ್ಲವಲ್ಲ! ಮತ್ತೆ ರೇಷನ್ ಡಿಪೋದವರಿಗೆ ಇಷ್ಟೊಂದು ತೌಡು ಯಾಕೆ... ಅಯ್ಯೋ ಶಿವನೇ! ಅದಕ್ಕೇನಾ ನಿಮ್ಮ ಡಿಪೋ ಅಕ್ಕಿ ತೊಳೆದಷ್ಟೂ ಬಗ್ಗಡ ಬರೋದು?"

ಹಸು ಬಚ್ಚಿಟ್ಟವನು ಎಂಬ ಅಪವಾದವೇ ಎಷ್ಟೋ ವಾಸಿಯಾಗಿತ್ತು. ಅಕ್ಕಿಗೆ ಕಲಬೆರಕೆ ಮಾಡಿದವನೆಂದರೆ ಆ ಕಾಲದಲ್ಲಿ ಕೆಲಸವಂತೂ ಹೋಯಿತು, ಮೇಲೆ ಜೈಲು.

ಡಿಪೋದ ಬಾಗಿಲು ತೆಗೆಯುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ಹೋಗಿ ಕೂತಿತ್ತು. ಸಾಲಿನಲ್ಲಿ ನಿಂತವರು ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು ಉಫ್ ಎಂದು ಊದುತ್ತಿದ್ದರು. ತೌಡು ಹಾರುತ್ತಿತ್ತು. ಹಾರದೆ ಏನು? ಮೇಲಿನಿಂದ ಬರುವ ಮೂಟೆಯಲ್ಲೇ ಕಲ್ಲು, ಹೊಟ್ಟು, ತೌಡು ಎಲ್ಲ ಇರುತ್ತಿತ್ತು. ಅದನ್ನು ಯಾರು ಕೇಳಬೇಕು?

"ನಮ್ ಅಕ್ಕಿಗೆ ತವುಡು ಬೆರೆಸ್ಬುಟ್ಟು, ಒಳ್ಳೆ ಅಕ್ಕಿಯ ಮನೇಲಿ ಮಲ್ಲಿಗೆ ಹೂವ ಮಾಡ್ಕಂಡು ಉಂತಾನೆ ಕಣ್ಲಾ!" ಎಂದು ಒಬ್ಬ ಕೂಗಿದ.

ಅಕ್ಕಿ ಅಳೆಯುವ ಲಕ್ಕಯ್ಯ ಒಳ್ಳೆಯವನು. ಷಡಕ್ಷರಿಯ ಕಿವಿಯ ಹತ್ತಿರ ಬಗ್ಗಿ, "ತೆಪ್ಪು ಒಪ್ಕಂಬುಡಿ ಸಾ. ಒಪ್ಕಂಡ್ರೆ ಆರೇ ತಿಂಗ್ಳಂತೆ," ಎಂದು ಸಮಾಧಾನ ಹೇಳಿದ.

ಕಂಟ್ರೋಲ್ ಸಾಹೇಬರು ಬಂದೇ ಬಿಟ್ಟರು. ಆಹಾರದ ಕಂಟ್ರೋಲು ನೋಡಿಕೊಳ್ಳಲು ಮೇಲಿನಿಂದ ಬಂದವರು. ಒಂದು ತಿಂಗಳಿನಿಂದ ಪ್ರವಾಸಿ ಬಂಗಲೆಯಲ್ಲಿ ಒಬ್ಬ ಜವಾನನೊಂದಿಗೆ ಬಿಡಾರ ಮಾಡಿದ್ದರು. ದಪ್ಪ ಮೀಸೆ, ಸದಾ ಗಂಟಿಕ್ಕಿದ ಮುಖ. ಅವರು ನಕ್ಕದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಷಡಕ್ಷರಿಯ ಮನೆಯಿಂದ ತೌಡಿನ ಚೀಲ ತರಿಸಿ ಮೇಜಿನ ಮೇಲೆ ಇಡಿಸಿದರು.

"ನಿನ್ನ ಮನೇಲಿ ದನ ಎಷ್ಟು?"

"ಇಲ್ಲ ಸಾರ್."

"ಎಮ್ಮೆ? ಕರು? ಕುರಿ, ಮೇಕೆ?"

"ಒಂದೂ ಇಲ್ಲ ಸಾರ್."

"ಬರಿ. ನನ್ನ ಮನೆಯಲ್ಲಿ ಹುಲ್ಲು ಹೊಟ್ಟು ತಿನ್ನುವ ಪ್ರಾಣಿ ಯಾವುದೂ ಇಲ್ಲ, ಇಡುವ ಸ್ಥಳವೂ ಇಲ್ಲ ಅಂತ ಬರಿ. ಕೆಳಗೆ ರುಜು ಹಾಕು."

ಷಡಕ್ಷರಿ ಬರೆದ. ಕೆಳಗೆ ರುಜು ಹಾಕಿದ. ಸಾಹೇಬರು ಅದನ್ನು ಮಡಿಸಿ ಜೇಬಿಗಿಟ್ಟರು.

"ದನ ಇಲ್ಲ. ಹಾಗಾದರೆ ತೌಡು ಯಾತಕ್ಕೆ?"

ಷಡಕ್ಷರಿ ಜನರ ಕಡೆ ನೋಡಿದ. ಹಿಂದೆ, ಕಂಬದ ಮರೆಯಲ್ಲಿ, ಗಂಗಾಂಬಿಕೆ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅವಳ ಕಣ್ಣುಗಳು ಬೇಡ, ಬೇಡ ಎನ್ನುತ್ತಿದ್ದವು.

"ದಿಂಬಿಗೆ ಸಾರ್."

"ದಿಂಬು ತಂದು ಬಿಚ್ಚಿ ತೋರಿಸು."

ಷಡಕ್ಷರಿ ಮತ್ತೆ ಕಂಬದ ಕಡೆ ನೋಡಿದ. ಸಾಹೇಬರು ತಮ್ಮ ಜೊತೆಗೆ ಬಂದಿದ್ದ ಪೊಲೀಸಿನವನಿಗೆ ಕಣ್ಣು ಸನ್ನೆ ಮಾಡಿದರು. ಪೊಲೀಸಿನವನು ತೋಳಿಗೆ ಕೈ ಹಾಕಿದ್ದೇ ತಡ, ಷಡಕ್ಷರಿಯ ಬಾಯಿಂದ ಮಾತು ತಾನಾಗಿ ಬಿದ್ದಿತು.

"ನಾನೇ ತಿಂತೀನಿ ಸಾರ್! ಹೊಟ್ಟೆಗೆ ಹೋಗಲ್ಲ... ಅಲ್ಲ, ಹೊಟ್ಟೆಯಿಂದ ಹೋಗಲ್ಲ ಸಾರ್! ಹಾಸನದ ಡಾಕ್ಟರು ಹೇಳಿದ್ರು ಸಾರ್!"

ಡಿಪೋ ತುಂಬ ಎದ್ದಿತು ನೋಡಿ ನಗು. ದೊಡ್ಡತಾಯಮ್ಮ ಗೋಡೆಗೆ ಒರಗಿಕೊಂಡು ನಕ್ಕಳು. "ನಮ್ ಎಮ್ಮೆಯ ಪಂಕ್ತೀಲಿ ಊಟ ಮಾಡಿಸ್ತಿದ್ದಳೇನವ್ವ ಗಂಗಾಂಬಿಕೆ!" ಎಂದಳು. ಕಂಬದ ಮರೆಯಲ್ಲಿ ಈಗ ಯಾರೂ ಇರಲಿಲ್ಲ.

ಸಾಹೇಬರೊಬ್ಬರು ನಗಲಿಲ್ಲ. "ತಪ್ಪಿಸಿಕೊಳ್ಳೋಕೆ ಏನು ಬೇಕಾದರೂ ಹೇಳ್ತಾರೆ. ಎಲ್ಲಿ, ತಿಂದು ತೋರಿಸು."

ಲಕ್ಕಯ್ಯ ಪಕ್ಕದ ಮನೆಯಿಂದ ಒಂದು ಚೊಂಬು ಮಜ್ಜಿಗೆ ತಂದ. ದಿನಾ ಒಂದು ಹಿಡಿ ತಿನ್ನುವವನಿಗೆ ಸಾಹೇಬರು ಅರ್ಧ ಸೇರು ಅಳೆಸಿದರು. ಊರೆಲ್ಲ ನೋಡುತ್ತಿರಲು ಷಡಕ್ಷರಿ ಕಲಸಿದ, ತಿಂದ. ಗಂಟಲಿಗೆ ಅಂಟಿತು, ಮೂಗಿಗೆ ಏರಿತು, ಕೆಮ್ಮಿದರೆ ಮುಂದೆ ನಿಂತವರ ಪಂಚೆಯ ಮೇಲೆ ಹಾರಿತು. ಕಣ್ಣಿನಲ್ಲಿ ಧಾರಾಕಾರ ನೀರು. ಅದು ತೌಡಿಗೋ ಅವಮಾನಕ್ಕೋ ಅವನಿಗೇ ತಿಳಿಯಲಿಲ್ಲ. ಕೊನೆಯ ಹಿಡಿ ಮುಗಿಯುವ ಹೊತ್ತಿಗೆ ನಗುತ್ತಿದ್ದವರೂ ಅಯ್ಯೋ ಪಾಪ ಎನ್ನತೊಡಗಿದ್ದರು.

"ಇದನ್ನ ಸುಳ್ಳಿಗೋಸ್ಕರ ಯಾರೂ ತಿನ್ನಲ್ಲ," ಎಂದರು ಸಾಹೇಬರು. "ಆರೋಪ ವಜಾ. ಎಲ್ಲ ಹೋಗಿ."

ಕೆಲಸ ಉಳಿಯಿತು, ಜೈಲು ತಪ್ಪಿತು. ಮಾನ ಒಂದು ಹೋಯಿತು. ಹೋಗಲಿ, ಇನ್ನು ಮೇಲೆ ಕೋಟಿನೊಳಗೆ ಬಚ್ಚಿಡದೆ ತೌಡು ತರಬಹುದಲ್ಲ ಎಂದು ಷಡಕ್ಷರಿ ಸಮಾಧಾನ ತಂದುಕೊಂಡ. ಜನ ಕರಗಿದ ಮೇಲೆ ಸಾಹೇಬರು ವರದಿ ಬರೆಯುತ್ತ, "ಮಜ್ಜಿಗೇನೋ, ನೀರೋ?" ಎಂದು ಕೇಳಿದರು. "ಮಜ್ಜಿಗೆ ಸಾರ್." "ಊಟಕ್ಕೆ ಮುಂಚೆಯೋ, ಆಮೇಲೋ?" "ಮುಂಚೆ ಸಾರ್." ಎಲ್ಲವನ್ನೂ ಬರೆದುಕೊಂಡು, ಉಳಿದ ಚೀಲವನ್ನು ಸಾಕ್ಷಿಗೆ ಬೇಕೆಂದು ಜವಾನನ ಹೆಗಲ ಮೇಲೆ ಹೊರಿಸಿಕೊಂಡು ಹೋದರು.

ಮಧ್ಯಾಹ್ನ ಷಡಕ್ಷರಿ ಮನೆಗೆ ಬಂದರೆ ಗಂಗಾಂಬಿಕೆ ಹೊಳೆಗೇನೂ ಹಾರಿರಲಿಲ್ಲ. ಬೆಳ್ಳನೆ ಅನ್ನವನ್ನು ತಟ್ಟೆಗೆ ಸುರಿದು ಗೋಡೆ ಕಡೆ ತಿರುಗಿ ಕೂತಳು.

ಊರಿನಲ್ಲಿ ಆಗಿದ್ದೇ ಬೇರೆ. ಬೆಳಿಗ್ಗೆ ನಕ್ಕವರಲ್ಲಿ ಅರ್ಧ ಜನಕ್ಕೆ ಷಡಕ್ಷರಿಯದೇ ರೋಗ, ಹೇಳಿಕೊಂಡಿರಲಿಲ್ಲ ಅಷ್ಟೆ. ಹಾಸನದ ಡಾಕ್ಟರು ಹೇಳಿದ ಔಷಧಿ, ಅದೂ ಮಿಲ್ಲಿನ ಬಾಗಿಲಲ್ಲೇ ಸಿಗುವುದು ಎಂದ ಮೇಲೆ ಬಿಡುತ್ತಾರೆಯೇ? ಮೂರು ಗಂಟೆಯೊಳಗೆ ಹೊನ್ನಕ್ಕನ ಕುಕ್ಕೆ ಖಾಲಿ, ಮಿಲ್ಲಿನ ತೌಡಿನ ಕೋಣೆಯೂ ಖಾಲಿ. ಪುಣ್ಯಾಹ ಮುಗಿಸಿದ ಕಾಮಾಕ್ಷಮ್ಮನವರೂ ತಂಬಿಗೆ ಹಿಡಿದು ಬಂದು ಹೋದರಂತೆ. ದನ ಕಟ್ಟಿದವರು ರೊಚ್ಚಿಗೆದ್ದರು. ದೊಡ್ಡತಾಯಮ್ಮ ಹತ್ತು ಜನರನ್ನು ಕಟ್ಟಿಕೊಂಡು ಬಂಗಲೆಗೇ ನುಗ್ಗಿದಳು. "ಮನುಸ್ರೆಲ್ಲ ತವುಡು ತಿಂದ್ಬುಟ್ರೆ ನಮ್ ಎಮ್ಮೆ ಅನ್ನ ಸಾರು ಉಣ್ಬೇಕಾ ಸಾಮಿ?"

ಸಾಹೇಬರು ಆ ಕ್ಷಣವೇ ಅಪ್ಪಣೆ ಮಾಡಿದರು. ನಾಲ್ಕೂವರೆಗೆ ಬೀದಿಬೀದಿಯಲ್ಲಿ ತಮಟೆ. ಇವತ್ತಿನಿಂದ ತೌಡು ಕಂಟ್ರೋಲು, ಮಿಲ್ಲಿನಲ್ಲಿ ಮಾರಕೂಡದು. ಡಿಪೋದಲ್ಲಿ ಮಾತ್ರ, ಅದೂ ದನದ ಕಾರ್ಡು ಇದ್ದವರಿಗೆ ಮಾತ್ರ, ತಲೆಗೆ ಇಷ್ಟು ಎಂದು. ದನವಿಲ್ಲದವರಿಗೆ ಒಂದು ಚಿಟಿಕೆಯೂ ಇಲ್ಲ. ಮೂರು ಗಂಟೆಯ ಮೇಲೆ ಮಿಲ್ಲಿನಲ್ಲಿ ಬಿದ್ದ ಹೊಸ ತೌಡನ್ನೆಲ್ಲ ಆಗಲೇ ಡಿಪೋಗೆ ಹೊರಿಸಿದ್ದರು.

ಡಿಪೋದಲ್ಲಿ ಲಕ್ಕಯ್ಯ ದನದ ಖಾಲಿ ಕಾರ್ಡುಗಳ ಕಟ್ಟು ಬಿಚ್ಚುತ್ತ, "ನಿಮ್ದೂ ಒಂದು ಬರ್ದ್‌ಬುಡಿ ಸಾ. ಹಸ ಒಂದು ಅಂತ. ಯಾರು ಕೇಳ್ತಾರೆ?" ಎಂದ.

ಷಡಕ್ಷರಿ ಲೇಖನಿ ಎತ್ತಿಕೊಂಡ. ಎತ್ತಿಕೊಂಡವನು ಹಾಗೇ ಕೂತ. ಹುಲ್ಲು ಹೊಟ್ಟು ತಿನ್ನುವ ಪ್ರಾಣಿ ಯಾವುದೂ ಇಲ್ಲ, ಇಡುವ ಸ್ಥಳವೂ ಇಲ್ಲ ಎಂದು ತನ್ನ ಕೈಯಾರೆ ಬರೆದು ರುಜು ಹಾಕಿದ ಕಾಗದ ಸಾಹೇಬರ ಜೇಬಿನಲ್ಲಿತ್ತು. ಜೈಲಿನಿಂದ ಉಳಿಸಿದ್ದು ತಿಂದ ತೌಡು, ಈಗ ಆ ತೌಡನ್ನೇ ತಪ್ಪಿಸಿದ್ದು ಆ ಕಾಗದ. ಇಡೀ ತಾಲ್ಲೂಕಿನಲ್ಲಿ ಸುಳ್ಳು ಹಸು ಬರೆಸಲಾಗದ ಮನುಷ್ಯ ಎಂದರೆ ಅವನೊಬ್ಬನೇ.

ದೊಡ್ಡತಾಯಮ್ಮ ತನ್ನ ಪಾಲು ಅಳೆಸಿಕೊಳ್ಳಲು ಬಂದಾಗ, ಮಾನ ಬಿಟ್ಟು ಕೇಳಿದ: "ಒಂದು ಹಿಡಿ... ದಿನಾ ಒಂದೇ ಹಿಡಿ ಕೊಡ್ತೀರಾ ದೊಡ್ಡತಾಯಮ್ಮ?"

"ಒಂದ್ ತೊಟ್ ಗಿಣ್ಣ ಕೊಟ್ಟೋರಲ್ಲ ನೀವು!" ಎಂದು ಅವಳು ಮೊರ ಮುಚ್ಚಿಕೊಂಡು ನಡೆದಳು. ಹಸುವೇ ಇರಲಿಲ್ಲ ಎಂಬುದು ಸಾಬೀತಾಗಿ ಆರು ಗಂಟೆಯೂ ಆಗಿರಲಿಲ್ಲ. ಆದರೂ ಆ ಗಿಣ್ಣಿನ ಸಿಟ್ಟು ಇಳಿದಿರಲಿಲ್ಲ.

ಅವಳ ಹಿಂದೆಯೇ ಸಾಹೇಬರ ಜವಾನ ಬಂದು ಹೊಸ ಕಾರ್ಡೊಂದನ್ನು ಮೇಜಿನ ಮೇಲಿಟ್ಟ. ಷಡಕ್ಷರಿ ಓದಿದ. ವಿಳಾಸ: ಪ್ರವಾಸಿ ಬಂಗಲೆ. ಹಸು: ಎರಡು.

ಆ ಬಂಗಲೆಯಲ್ಲಿ ಹಸು ಹೋಗಲಿ, ಒಂದು ಕೋಳಿಯೂ ಇರಲಿಲ್ಲ. ಸಾಹೇಬರ ಕಾಫಿಗೆ ಹಾಲು ದಿನಾ ದೊಡ್ಡತಾಯಮ್ಮನ ಮನೆಯಿಂದಲೇ ಹೋಗುತ್ತಿತ್ತು. ಷಡಕ್ಷರಿ ತಲೆಯೆತ್ತಿ ಜವಾನನ ಮುಖ ನೋಡಿದ. ಜವಾನ ಅತ್ತಿತ್ತ ನೋಡಿ, ಚೀಲದ ಬಾಯಿ ಅಗಲಿಸಿ ಹಿಡಿದ.

"ಅಳತೆ ಒಸಿ ಧಾರಾಳಾಗಿರ್ಲಿ ಸಾ," ಎಂದ. "ಪಾಪ, ನಮ್ ಸಾಹೇಬ್ರ ಹಸ ನಾಕ್ ದಿನದಿಂದ ಬಾಳ ಒದ್ದಾಡ್ತಾವೆ."

ಷಡಕ್ಷರಿ ಸೇರಿನ ಮೇಲೆ ಗೋಪುರ ಬರುವ ಹಾಗೆ ತುಂಬಿ, ಎರಡು ಸಲ ಅಳೆದು ಹಾಕಿದ.