ನಮ್ಮ ಅಟ್ಟ ರೂಮಾದ ಕತೆ

ನಮ್ಮ ಮನೆ ಗೋಡೆಗೆ ಒಂದು ಮೊಳೆ ಹೊಡೆದರೂ ಬೀದಿಗೆ ಎಂಟು ದಿನಕ್ಕಾಗುವಷ್ಟು ಮಾತು ಸಿಗುತ್ತೆ. ಯಾಕೋ ಏನೋ, ನಗು ತರಿಸೋ ಸಂಗತಿಗಳೆಲ್ಲ ನಮ್ಮ ಮನೆ ವಿಳಾಸ ಕೇಳಿಕೊಂಡೇ ಬರುತ್ತವೆ. ಹಾಗಿರುವಾಗ ಇಡೀ ಅಟ್ಟವನ್ನೇ ರೂಮು ಮಾಡೋಕೆ ಹೊರಟರೆ ಸುಮ್ಮನೆ ಮುಗಿಯುತ್ತಾ?

ನಾನು ಯಡಿಯೂರಿನ ಹಳೇ ಊರಿನವನು. ಈಗ ಕೆರೆ ಪಕ್ಕ ವಾಕಿಂಗ್ ಮಾಡ್ತಾರಲ್ಲ, ಅಲ್ಲೆಲ್ಲ ಒಂದು ಕಾಲಕ್ಕೆ ನಮ್ಮ ದಂಟಿನ ಸೊಪ್ಪು ಬೆಳೀತಿತ್ತು. ದಂಟು ಎಷ್ಟು ಎತ್ತರ ಅಂದ್ರೆ, ಅದರ ಮರೆಯಲ್ಲಿ ಎಮ್ಮೆ ನಿಂತರೆ ಕೊಂಬು ಮಾತ್ರ ಕಾಣ್ತಿತ್ತು. ನೀವು ನಂಬದಿದ್ದರೆ ಬೇಡ, ಎಮ್ಮೆಗೆ ಗೊತ್ತಿತ್ತು. ಶಾಲೆ ಮೆಟ್ಟಿಲು ನಾನು ಹತ್ತಿದ್ದು ಸುಣ್ಣ ಹೊಡೆಯೋಕೆ ಮಾತ್ರ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಅದಕ್ಕೇ ನನ್ನ ಬರವಣಿಗೆ ಹೊರಟರೆ ಸ್ಟಾಪಿನಲ್ಲಿ ನಿಲ್ಲೋದು ಕಮ್ಮಿ.

ನಮ್ಮ ಬೀದಿಯಲ್ಲಿ ಹೆಂಚಿನ ಮನೆ ಅಂತ ಉಳಿದಿರೋದು ನಮ್ಮದೊಂದೇ. ಅದರಲ್ಲಿ ಎರಡು ಭಾಗ. ಒಂದರಲ್ಲಿ ನಮ್ಮ ಸಂಸಾರ, ಇನ್ನೊಂದರಲ್ಲಿ ಗದಗದ ಕಡೆಯ ಗಂಡ ಹೆಂಡತಿ ಬಾಡಿಗೆಗೆ. ಅವರದು ಒಂದು ರೂಮು, ಒಂದು ಅಡುಗೆಮನೆ. ಗಂಡನಿಗೆ ಆಫೀಸೆಲ್ಲ ಲ್ಯಾಪ್‌ಟಾಪಿನಲ್ಲೇ. ಇಡೀ ದಿನ ಅದರ ಮುಂದೆ ಕೂತು ಇಂಗ್ಲಿಷಿನಲ್ಲಿ ಕೂಗ್ತಾನೆ. ಹೆಂಡತಿಗೆ ಮೂರು ತಿಂಗಳಾಗಿತ್ತು. ಒಂದು ದಿನ ಅವನು ಬಂದು ತಲೆ ಕೆರೆದುಕೊಂಡು ನಿಂತ.

"ಅಜ್ಜಾರ, ಕೂಸು ಬಂದ ಮ್ಯಾಲ ಒಂದ ರೂಮಿನ್ಯಾಗ ಹ್ಯಾಂಗ್ರಿ? ಅದು ಅಳೂದು, ನಾ ಮೀಟಿಂಗ್‌ನ್ಯಾಗ ಒದರೂದು. ಬಿಟಿಎಂ ಕಡೆ ಬ್ರೋಕರ್ ಒಂದು ಮನಿ ತೋರಿಸ್ಯಾನ್ರಿ."

ಆ ಹುಡುಗಿಗೆ ತವರಿನಲ್ಲಿ ತಾಯಿ ಇಲ್ಲ. ಬಾಣಂತನ ನಾನೇ ಮಾಡ್ತೀನಿ ಅಂತ ನಮ್ಮನೆಯವಳು ಆಗಲೇ ಮೆತ್ತನೆ ಹಳೇ ಸೀರೆಗಳನ್ನೆಲ್ಲ ಒಗೆದು ಮಡಚಿಟ್ಟಿದ್ದಳು. ಈ ಮಾತು ಕೇಳಿದ್ದೇ ಒಳಗೆ ಹೋಗಿ ಕೂತಳು. ಆ ದಿನ ಸೊಪ್ಪಿನ ಸಾರಿಗೆ ಉಪ್ಪಿಲ್ಲ, ಮಾರನೇ ದಿನ ಸಾರೇ ಇಲ್ಲ. ನನಗೆ ತಡೆಯಲಿಲ್ಲ. ಅವನನ್ನು ಕರೆದು ಎದೆ ತಟ್ಟಿ ಹೇಳಿದೆ: "ನಿಮ್ಮ ತಲೆ ಮೇಲೇ ಅಟ್ಟ ಇದೆ. ಅದನ್ನ ರೂಮು ಮಾಡಿಕೊಡ್ತೀನಿ. ಅರಮನೇಲೂ ಅಂಥಾ ರೂಮಿರಬಾರದು!"

ಅವನು, "ಆತ್ರಿ, ರೂಮ್ ಆಗ್ಲಿ, ಆಮ್ಯಾಲ ನೋಡೂಣ್ರಿ" ಅಂದ. ಆ 'ನೋಡೂಣ್ರಿ' ಹಿಡಕೊಂಡೇ ನಾವು ನಾಲ್ಕು ತಿಂಗಳು ಒದ್ದಾಡಿದ್ದು.

ಅಟ್ಟದ ಹಾವು

ಮೊದಲ ದಿನ ಮೇಸ್ತ್ರಿ ನಾಲ್ಕು ಆಳು ಕರಕೊಂಡು ಬಂದ. ಬೀದಿ ತುದಿಯಲ್ಲಿ ಟೀ ಕುಡಿದು ಬರ್ತೀವಿ ಅಂತ ಹೋದವರು ವಾಪಸ್ ಬಂದು ಅಂಗಳದಲ್ಲೇ ನಿಂತುಬಿಟ್ಟರು.

"ಯಜಮಾನ್ರೇ, ಮೇಲೆ ಏಳು ಹೆಡೆ ಸರ್ಪ ಇದೆಯಂತೆ. ನಿಧಿಯ ಕೊಪ್ಪರಿಗೆ ಕಾಯ್ತಾ ಇದೆಯಂತೆ. ನಾವು ಮಕ್ಕಳೊಂದಿಗರು."

ಆ ಸರ್ಪಕ್ಕೆ ಹೆಡೆ ಇಟ್ಟವನು ನಾನೇ. ಮಕ್ಕಳು ಅಟ್ಟ ಹತ್ತಿ ಹುಣಸೆಹಣ್ಣು ಕದೀತಿದ್ದ ಕಾಲದಲ್ಲಿ ಹೆದರಿಸೋಕೆ ಒಂದು ಕೇರೆ ಹಾವು ಅಂತ ಶುರು ಮಾಡಿದ್ದೆ. ಮಕ್ಕಳು ಬೆಳೆದ ಹಾಗೆ ಹೆಡೆಗಳೂ ಬೆಳೆದವು.

"ಅದು ನಾನು ಹೇಳಿದ ಸುಳ್ಳು ಕಣ್ರಪ್ಪಾ" ಅಂತ ಮೇಸ್ತ್ರಿ ಕೈ ಹಿಡಿದು ಹೇಳಿದೆ.

"ಬಿಡಿ ಯಜಮಾನ್ರೇ, ಕೆಲಸ ಆಗಲಿ ಅಂತ ಈಗ ಸುಳ್ಳು ಹೇಳ್ತಿದ್ದೀರಿ" ಅಂದ.

ಮೂವತ್ತು ವರ್ಷ ಸುಳ್ಳನ್ನು ನಂಬಿದ ಬೀದಿ, ನಿಜ ಹೇಳಿದ ಒಂದು ದಿನ ನಂಬಲಿಲ್ಲ. ಕೊನೆಗೆ ನಮ್ಮನೆಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಈ ವಯಸ್ಸಿನಲ್ಲಿ! ಅರ್ಧ ಗಂಟೆ ಮೂಲೆ ಮೂಲೆ ಗುಡಿಸಿ, ಒಂದು ಮೊರ, ಎರಡು ಒಡೆದ ಮಡಕೆ ಕೆಳಗೆ ಕೊಟ್ಟು, ಇಳಿದು ಬಂದು ಸೀರೆ ಕೊಡವಿದಳು.

"ಯಾವ ಹಾವೂ ಇಲ್ಲ, ಹೋಗ್ರಪ್ಪ. ಇದ್ದಿದ್ದರೂ ಇವರ ಮಾತು ಕೇಳಿ ಕೇಳಿ ಯಾವತ್ತೋ ಮನೆ ಬಿಟ್ಟಿರುತ್ತೆ."

ನನ್ನ ಮೊಳ

ಅಟ್ಟ ಎತ್ತರಿಸಬೇಕಾದರೆ ಪ್ಲಾನು ಬೇಕು, ಪಾಲಿಕೆ ಆಫೀಸಿನ ಪರ್ಮಿಷನ್ ಬೇಕು ಅಂದರು. ಪ್ಲಾನ್ ಬರೆಯೋರ ಹತ್ತಿರ ಹೋದೆ. ಅಳತೆ ಕೇಳಿದರು. ಉದ್ದ ಹದಿನೈದು ಮೊಳ, ಅಗಲ ಒಂಬತ್ತು ಮೊಳ ಅಂದೆ. ಅವರು ಮೊಳಕ್ಕೆ ಒಂದೂವರೆ ಅಡಿ ಅಂತ ಲೆಕ್ಕ ಹಾಕಿ ಬರೆದುಕೊಟ್ಟರು. ಆದರೆ ನನ್ನ ಕೈ ಸಾಧಾರಣ ಕೈಯಲ್ಲ. ಮೊಣಕೈಯಿಂದ ಬೆರಳ ತುದಿಗೆ ಪೂರ್ತಿ ಇಪ್ಪತ್ತು ಇಂಚು. ಚಿಕ್ಕಂದಿನಲ್ಲಿ ಈ ಕೈಯಿಂದ ಬಾವಿಯ ಹಗ್ಗ ಸೇದ್ತಿದ್ದರೆ ಕೊಡ ಅರ್ಧ ದಾರೀಲೇ ಹೆದರಿ ತಾನಾಗಿ ಮೇಲೆ ಬರ್ತಿತ್ತು.

ಪರಿಶೀಲನೆಗೆ ಆಫೀಸಿನಿಂದ ಇಂಜಿನಿಯರ್ ಮೇಡಂ ಬಂದರು. ಟೇಪು ಹಿಡಿದರು, ಕಾಗದ ನೋಡಿದರು, ಮತ್ತೆ ಟೇಪು ಹಿಡಿದರು.

"ತಾತ, ಕಾಗದದ ಮನೆಗಿಂತ ನಿಮ್ಮ ಮನೆ ದೊಡ್ಡದಿದೆಯಲ್ಲ?"

"ಮೇಡಂ, ಮನೆ ಸರಿಯಾಗೇ ಇದೆ. ಕಾಗದ ಕುಗ್ಗಿದೆ."

"ಯಾರು ಅಳೆದದ್ದು?"

ಕೈ ಚಾಚಿ ತೋರಿಸಿದೆ. ಅವರು ನಗದೆ ನನ್ನ ಕೈಗೇ ಟೇಪು ಹಿಡಿದು ಅಳತೆ ಬರೆದುಕೊಂಡರು. "ಕೈ ಏನೋ ಚೆನ್ನಾಗಿದೆ ತಾತ. ಆದರೆ ಪ್ರತಿ ಫೈಲಿನ ಜೊತೆ ನಿಮ್ಮನ್ನೂ ಕಟ್ಟಿ ಕಳಿಸೋಕಾಗಲ್ಲ. ಅಡಿಯಲ್ಲಿ ಬರೆಸಿಕೊಂಡು ಬನ್ನಿ" ಅಂದರು.

ಅಷ್ಟೇ ಆಗಿದ್ದರೆ ಅವರನ್ನು ಮರೆತುಬಿಡ್ತಿದ್ದೆ. ಹೊರಡೋ ಮುಂಚೆ ಅಟ್ಟದ ನಡುವಿನ ತೊಲೆ ತೋರಿಸಿ, "ಇದನ್ನ ತೆಗೆಸ್ತೀವಿ ಅಂತ ಪ್ಲಾನಿನಲ್ಲಿ ಹಾಕಿದ್ದೀರಿ, ಯಾಕೆ?" ಅಂತ ಕೇಳಿದರು.

"ನನ್ನ ತಲೆಗೆ ತಗಲುತ್ತೆ ಮೇಡಂ."

"ಇದನ್ನ ತೆಗೆದರೆ ತೊಲೆ ಒಂದೇ ಅಲ್ಲ ತಾತ, ಸೂರೆಲ್ಲ ತಲೆಗೆ ತಗಲುತ್ತೆ. ಇಡೀ ಭಾರ ಇದರ ಮೇಲೇ ಇದೆ."

ತೊಲೆ ತೆಗೀಬೇಡಿ, ಸುತ್ತ ಗೋಡೆಗೆ ಇಟ್ಟಿಗೆ ಏರಿಸಿ ತೊಲೆ ಸಮೇತ ಸೂರನ್ನೇ ಮೇಲಕ್ಕೆತ್ತಿ, ಕಿಟಕಿ ಕೆರೆ ಕಡೆಗಿಡಿ, ಹೆಂಚೇ ಇರಲಿ, ಶೀಟು ಹಾಕಿದರೆ ಮಳೆಯಲ್ಲಿ ಮಗು ಬೆಚ್ಚಿ ಬೀಳುತ್ತೆ ಅಂತ ಅಂಗಳದ ಬಿಸಿಲಲ್ಲೇ ನಿಂತು ಗೆರೆ ಎಳೆದು ತೋರಿಸಿದರು. ಆ ತಾಯಿ ಬರದಿದ್ದರೆ ನಾನಿವತ್ತು ಈ ಕತೆಯನ್ನು ಹೆಂಚಿನ ಕೆಳಗಿಂದ ಬರೀಬೇಕಾಗಿತ್ತು. ಪರ್ಮಿಷನ್ ಕಾಗದ ಬಂದ ದಿನ ಕಣ್ಣಿಗೊತ್ತಿಕೊಂಡು ಕೇಳಿದೆ: "ಮೇಡಂ, ನನ್ನ ಮೊಳದ ವಿಷಯ ಇದರಲ್ಲಿ ಎಲ್ಲಾದರೂ ಬರೆದಿದೆಯಾ?"

"ಇಲ್ಲ ತಾತ. ಆದರೆ ಈಗ ಆಫೀಸಿನಲ್ಲಿ ಯಾರ ಲೆಕ್ಕ ತಪ್ಪಿದರೂ 'ಯಡಿಯೂರು ತಾತನ ಕೈಯಲ್ಲಿ ಅಳೆದ್ಯಾ' ಅಂತ ಕೇಳ್ತಾರೆ."

ನೆಲವಿಲ್ಲದ ಗುದ್ದಲಿ ಪೂಜೆ

ಪೂಜೆ ಇಲ್ಲದೆ ಇಟ್ಟಿಗೆ ಇಡಬಾರದು ಅಂತ ಪುರೋಹಿತರನ್ನು ಕರೆಸಿದೆ. ಅವರು ಬಾಗಿಲಲ್ಲೇ ನಿಂತು, "ಮನೇಲಿ ಬಸುರಿ ಇದ್ದಾರೆ ಅಂತ ಕೇಳಿದೆ. ಹಾಗಿದ್ದರೆ ಕಟ್ಟೋ ಕೆಲಸ ಕೂಡದು" ಅಂದರು.

"ಬಾಡಿಗೆಯವರು ಸ್ವಾಮಿ."

"ಬಾಡಿಗೆಯವರಾದರೆ ದೋಷವಿಲ್ಲ."

ನಮ್ಮನೆಯವಳ ಮುಖ ನೋಡಿದೆ. ಹಗಲೂ ರಾತ್ರಿ ಆ ಹುಡುಗೀನ ಮಗಳೇ ಅನ್ನೋಳು. ಎರಡು ನಿಮಿಷ ಯೋಚನೆ ಮಾಡಿ ತೀರ್ಪು ಕೊಟ್ಟಳು: "ಶಾಸ್ತ್ರಕ್ಕೆ ಬಾಡಿಗೆಯವಳು, ಊಟಕ್ಕೆ ಮಗಳು. ಶುರು ಮಾಡಿ."

ಅಟ್ಟ ಹತ್ತಿದ ಮೇಲೆ ಪುರೋಹಿತರಿಗೆ ಹೊಸ ಚಿಂತೆ. ಗುದ್ದಲಿ ಹಾಕೋದೆಲ್ಲಿಗೆ? ಕೆಳಗಿರೋದು ಬರೀ ಹಲಗೆ. ನಾನು ದೊಡ್ಡಪತ್ರೆ ಗಿಡದ ಕುಂಡ ತರಿಸಿದೆ. ಅದರ ಮಣ್ಣಿಗೆ ಮೆಲ್ಲಗೆ ಮುಟ್ಟಿಸಿದರೆ ಸಾಕು ಅಂದರು ಅವರು. ನಾನು ಗುದ್ದಲಿ ಹಿಡಿದು ಮೆಲ್ಲಗೆ ಮುಟ್ಟಿಸಿ ಅಭ್ಯಾಸವಿರೋನಲ್ಲ. ಒಂದೇ ಏಟು! ಕುಂಡ ಎರಡು ಹೋಳು, ಮಣ್ಣೆಲ್ಲ ಹಲಗೆ ಸಂದಿಯಿಂದ ಕೆಳಗೆ. ಕೆಳಗೆ ಗಂಡ ಮೀಟಿಂಗ್‌ನಲ್ಲಿ ಕ್ಯಾಮೆರಾ ಮುಂದೆ ಕೂತಿದ್ದ. ತಲೆ ಮೇಲೆ ಮಣ್ಣು, ಮಣ್ಣಿನ ಮೇಲೆ ದೊಡ್ಡಪತ್ರೆ.

ಬೈತಾನೆ ಅಂತ ಕಾಯ್ತಾ ನಿಂತೆ. ಅವನು ಏಣಿ ಹತ್ತಿರ ಬಂದು ಮುಖ ಮೇಲೆತ್ತಿದ.

"ಅಜ್ಜಾರ, ನಮ್ಮ ಮ್ಯಾನೇಜರ್ ಭೂಕಂಪ ಅಂತ ತಿಳದು ಇವತ್ತ ರಜಾ ಕೊಟ್ಟಾನ್ರಿ. ನಾಳೀನೂ ಪೂಜಾ ಐತೇನ್ರಿ?"

ಮೆಟ್ಟಿಲು

ಮೆಟ್ಟಿಲಿನ ವಿಷಯದಲ್ಲಿ ನನಗೆ ಕಬ್ಬಿಣದ ಸುತ್ತು ಮೆಟ್ಟಿಲು ಬೇಕಿತ್ತು, ನೋಡೋರ ತಲೆ ತಿರುಗಬೇಕು ಅಂತ. "ಹತ್ತೋಳ ತಲೆ ತಿರುಗುತ್ತೆ, ಬಸುರಿ" ಅಂದಳು ನಮ್ಮನೆಯವಳು. ಮೇಸ್ತ್ರಿ ಒಳ್ಳೆ ಮನುಷ್ಯ. ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಆ ಹುಡುಗಿಗೆ ಹತ್ತಿ ನೋಡಮ್ಮ ಅಂದ. ಒಂದು ಇಟ್ಟಿಗೆ ಎತ್ತಿದ, ಒಂದು ಇಳಿಸಿದ. ಅವಳಿಗೆ ಆಯಾಸವೇ ಆಗದ ಎತ್ತರ ಸಿಕ್ಕೋ ತನಕ ಬಿಡಲಿಲ್ಲ. ಪಕ್ಕದ ಗಲ್ಲಿ ಕಡೆಯಿಂದ ಹತ್ತೋ ಹಾಗೆ ಅಗಲವಾದ ಕಲ್ಲು ಮೆಟ್ಟಿಲು ಅಂತ ಗೊತ್ತಾಯ್ತು. ಜಾಗ ಬಿಡಬೇಕಾದಷ್ಟು ಬಿಟ್ಟಿದ್ದೀರಾ ಅಂತ ಮೇಡಂ ಬಂದು ನೋಡಿ ಸರಿ ಅಂದರು. ಹತ್ತಿ ನೋಡಿದ ಪಕ್ಕದ ಮನೆಯ ಅಜ್ಜಿ, ಮಂಡಿ ನೋವಿಗೆ ಆರು ವರ್ಷದಿಂದ ಔಷಧಿ ತಿನ್ನೋರು, ಇಳಿದು ಬಂದು ಮೇಸ್ತ್ರಿಯನ್ನು ಕೇಳಿದರು: "ಏನಪ್ಪಾ, ನಾನು ಮೇಲೆ ಹೋಗಿದ್ನಾ?"

ಹಸು ಬಂತು

ರೂಮಾಯ್ತು. ಕಿಟಕಿಯಿಂದ ಕೆರೆ ಕಾಣುತ್ತೆ, ಗಾಳಿ ಸಖತ್ತಾಗಿ ಬರುತ್ತೆ. ಆದರೂ ಇರ್ತೀವೋ ಹೋಗ್ತೀವೋ ಅಂತ ಗಂಡ ಹೆಂಡತಿ ಬಾಯಿಬಿಟ್ಟಿರಲಿಲ್ಲ. ಬ್ರೋಕರ್ ಫೋನು ಬರ್ತಾನೇ ಇತ್ತು. ನಾನು ಯೋಚಿಸಿದೆ, ಗೃಹಪ್ರವೇಶ ಜೋರಾಗಿ ಮಾಡಿದರೆ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ ಅಂತ. "ಅಟ್ಟಕ್ಕೂ ಗೃಹಪ್ರವೇಶವೇನ್ರೀ?" ಅಂತ ನಮ್ಮನೆಯವಳು ಕೇಳಿದರೂ ಬೀದಿಗೆಲ್ಲ ಹೇಳಿಬಿಟ್ಟೆ: "ಹಸು ಮೊದಲು ಒಳಗೆ ಹೋಗಬೇಕು. ಕೆಳಗೆ ಬಾಗಿಲಲ್ಲಿ ಅಲ್ಲ, ಮೇಲೆ!"

ಹೊಸಕೆರೆಹಳ್ಳಿಯಲ್ಲಿ ನನ್ನ ಸ್ನೇಹಿತನೊಬ್ಬ ಇನ್ನೂ ಹಸು ಸಾಕಿದ್ದಾನೆ. ಟೆಂಪೋದಲ್ಲಿ ತಂದು ಇಳಿಸಿದ. "ಯೋಚನೆ ಮಾಡಬೇಡ ಗುರು. ಗೃಹಪ್ರವೇಶಕ್ಕೆ ಹೋಗಿ ಹೋಗಿ ಇದು ಎಕ್ಸ್‌ಪರ್ಟ್ ಆಗಿದೆ. ಅಪಾರ್ಟ್‌ಮೆಂಟಿಗೆಲ್ಲ ಹೋಗಿ ಬರುತ್ತೆ."

ನಿಜ ಹೇಳ್ತೀನಿ, ಹಸು ಮದುಮಗಳ ಹಾಗೆ ಹತ್ತಿತು. ಮುಂದೆ ನಾನು ಹಗ್ಗ ಹಿಡಿದು, ಹಿಂದೆ ಅದು. ಪುರೋಹಿತರು ಕೆಳಗಿಂದಲೇ ಮಂತ್ರ ಹೇಳಿದರು. ರೂಮಿನಲ್ಲಿ ಒಂದು ಸುತ್ತು ಹಾಕಿತು, ಬಾಳೆಹಣ್ಣು ತಿಂದಿತು, ಬಾಗಿಲಿಗೆ ಬಂದು ಕೆಳಗೆ ನೋಡಿತು. ನಿಂತಿತು. ಎಳೆದರೆ ಬರಲ್ಲ, ತಳ್ಳಿದರೆ ಹೋಗಲ್ಲ.

"ಏನೋ ಇದು?" ಅಂತ ಮೇಲಿಂದ ಸ್ನೇಹಿತನನ್ನು ಕೇಳಿದೆ.

"ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಲ್ಲಿ ಇಳಿಸ್ತಾರೆ ಕಣೋ. ಮೆಟ್ಟಿಲು ಇಳಿಯೋದು ಅದಕ್ಕೆ ಗೊತ್ತಿಲ್ಲ."

ಬಾಗಿಲಿಗೆ ಅಡ್ಡ ಹಸು, ಒಳಗೆ ನಾನು. ಕೆಳಗೆ ಇಡೀ ಬೀದಿ. ಒಬ್ಬ ಕ್ರೇನ್ ತರಿಸಿ ಅಂದ, ಒಬ್ಬ ಕಿಟಕಿ ಒಡೀರಿ ಅಂದ, ಎಲ್ಲರೂ ಫೋನು ಎತ್ತಿ ಹಿಡಿದಿದ್ದರು. ಊಟಕ್ಕೆ ಕರೆದಿದ್ದ ಇಂಜಿನಿಯರ್ ಮೇಡಂ ಅದೇ ಹೊತ್ತಿಗೆ ಬಂದರು. ಕಿಟಕಿಯಿಂದ ಕೈ ಮುಗಿದೆ. ಅವರು ಒಂದು ಸಲ ಕಿಟಕಿ ನೋಡಿದರು, ಒಂದು ಸಲ ಬಾಗಿಲು ನೋಡಿದರು.

"ತಾತ, ವಾಸಕ್ಕೆ ಅಂತ ಪರ್ಮಿಷನ್ ಕೊಟ್ಟಿದ್ದು. ಕೊಟ್ಟಿಗೆ ಅಂತ ಎಲ್ಲಿತ್ತು?"

ನಾನು ಸುಮ್ಮನಿರೋನಾ? ಹಿಂದೆ ನಾನು ಹೋರಿಗಳನ್ನು ಪಳಗಿಸಿದ್ದನ್ನೆಲ್ಲ ಹಸುವಿಗೆ ಜೋರಾಗಿ ನೆನಪಿಸ್ತಾ, ಹಗ್ಗ ಜಗ್ಗಿದೆ. ಅದು ಇನ್ನೂ ಎರಡು ಹೆಜ್ಜೆ ಒಳಕ್ಕೆ ಬಂತು. ಗಂಟೆ ಎರಡಾಯ್ತು. ಕೆಳಗೆ ಜನ ಪಾಯಸಕ್ಕೆ ಕೂತರು, ವಾಸನೆ ಮಾತ್ರ ನನಗೆ ಬಂತು.

ಆಗ ಗದಗದ ಹುಡುಗಿ ಒಳಗಿಂದ ಬಂದಳು. ಏಳು ತಿಂಗಳ ಹೊಟ್ಟೆ, ಕೈಯಲ್ಲಿ ಬುಟ್ಟಿ. ಮೆಟ್ಟಿಲ ಬುಡದಿಂದ ದೂರಕ್ಕೇ ಕುರ್ಚಿ ಹಾಕಿಸಿಕೊಂಡು ಕೂತಳು.

"ಮೆಟ್ಟಲ ಮ್ಯಾಲ ಗೋಣಿಚೀಲ ಹಾಸ್ರಿ. ಕಲ್ಲು ನುಣ್ಣಗ ಅದಾವು, ಜಾರತೈತಿ ಅಂತ ಅಂಜೈತಿ ಅದು."

ಮೇಸ್ತ್ರಿ ಓಡಿಹೋಗಿ ಸಿಮೆಂಟಿನ ಖಾಲಿ ಚೀಲದ ಪಕ್ಕ ಇದ್ದ ಗೋಣಿಚೀಲಗಳನ್ನೆಲ್ಲ ತಂದು ಹಾಸಿದ.

"ಇನ್ನ, ಅಜ್ಜಾರ..."

"ಏನಮ್ಮಾ? ಹೇಳು, ಏನು ಮಾಡಲಿ?"

"ನೀವು ಹಗ್ಗ ಬಿಟ್ಟು ಬಾಯಿ ಮುಚ್ಚಿಕೊಂಡು ನಿಂದರ್ರಿ. ಅದು ಮೆಟ್ಟಲಿಗಿಂತ ಹೆಚ್ಚ ನಿಮಗ ಅಂಜಾಕತ್ತೈತಿ."

ಬೀದಿ ಬಿದ್ದು ಬಿದ್ದು ನಕ್ಕಿತು. ನಾನು ಬಾಯಿ ಮುಚ್ಚಿದೆ. ನನ್ನ ಜೀವಮಾನದಲ್ಲಿ ಅದು ಮೊದಲ ಸಲ ಅಂತ ನಮ್ಮನೆಯವಳು ಈಗಲೂ ಹೇಳ್ತಾಳೆ. ಹುಡುಗಿ ಬುಟ್ಟಿಯಿಂದ ಬೆಲ್ಲ ಸವರಿದ ಜೋಳದ ರೊಟ್ಟಿ ತೆಗೆದು ಒಂದೊಂದು ಚೂರು ಮೆಟ್ಟಿಲಿಗಿಡಿಸಿ, "ಬಾರವ್ವಾ, ಬಾ ನಮ್ಮವ್ವಾ, ಸಾವಕಾಶ ಬಾ" ಅಂತ ಕರೆದಳು. ಹಸು ಕಿವಿ ನಿಮಿರಿಸಿತು. ಒಂದು ಕಾಲಿಟ್ಟಿತು, ತಿಂದಿತು. ಇನ್ನೊಂದು ಕಾಲು, ಇನ್ನೊಂದು ಚೂರು. ಕೊನೇ ಮೆಟ್ಟಿಲು ಇಳಿದು ಅವಳ ಅಂಗೈ ನೆಕ್ಕಿತು. ಅದರ ಹಿಂದೇ ನಾನೂ ಇಳಿದೆ. ನನಗೂ ಒಂದು ರೊಟ್ಟಿ ಕೊಟ್ಟಳು. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಅಷ್ಟರಲ್ಲಿ ಗಂಡನ ಫೋನು ಹೊಡೆದುಕೊಂಡಿತು. ಬ್ರೋಕರ್. ಇವತ್ತು ಹೇಳದಿದ್ದರೆ ಮನೆ ಬೇರೆಯವರಿಗೆ ಕೊಡ್ತೀನಿ ಅಂತ. ಅವನು ಹೆಂಡತಿ ಮುಖ ನೋಡಿದ. ನಮ್ಮನೆಯವಳು ಬಡಿಸ್ತಿದ್ದ ಸೌಟು ಹಾಗೇ ಗಾಳಿಯಲ್ಲಿ ನಿಂತಿತು. ಹುಡುಗಿ ಫೋನು ಇಸಕೊಂಡು ಸ್ಪೀಕರ್ ಒತ್ತಿದಳು.

"ಇಲ್ರೀ ಅಣ್ಣಾರ, ನಾವು ಬರಂಗಿಲ್ರಿ. ಇಲ್ಲೇ ಇರ್ತೇವ್ರಿ. ಅಜ್ಜಾರನ್ನ ಒಂದು ಹೊತ್ತು ಬಿಟ್ರ ಆಕಳಾ ಮ್ಯಾಲ ಏರಸ್ತಾರ. ನಮ್ಮ ಕೂಸಿಗಿಂತ ಮೊದಲ ಇವರನ್ನ ನೋಡ್ಕೋಬೇಕಾಗೇತಿ."

ನಮ್ಮನೆಯವಳು ಸೌಟಿನಲ್ಲಿದ್ದ ಪಾಯಸವನ್ನು ಎದುರಿಗೆ ಕೂತಿದ್ದವರ ಎಲೆ ಬಿಟ್ಟು ಪುರೋಹಿತರ ಮಡಿಲಿಗೆ ಬಡಿಸಿದಳು. ಫೋನಿನಲ್ಲಿ ಬ್ರೋಕರ್ ಕೇಳಿದ:

"ಹಸು ಹತ್ತೋವಷ್ಟು ಗಟ್ಟಿ ಮೆಟ್ಟಿಲಾ ಮೇಡಂ? ಆ ರೂಮೊಂದನ್ನೇ ಬೇರೆ ಬಾಡಿಗೆಗೆ ಕೊಡೋದಿದ್ರೆ ಹೇಳಿ, ಪಾರ್ಟಿ ರೆಡಿ ಇದೆ."